ಕುದುರೆ ಕಾಲಿನ ನರ ಬ್ಲಾಕ್: ಗುರಿ ತಪ್ಪದಂತೆ ಕೊಡುವುದು ಹೇಗೆ?

ಒಮ್ಮೆ ಜಮಖಂಡಿಯಿಂದ, ಒಮ್ಮೆ ಸಿಂದಗಿಯಿಂದ, ಇನ್ನೊಮ್ಮೆ ರಾಯಬಾಗದಿಂದ ಕಿರಿಯ ಪಶುವೈದ್ಯರ ಫೋನ್ ಬರುತ್ತಲೇ ಇರುತ್ತದೆ. ಪ್ರಶ್ನೆ ಮಾತ್ರ ಒಂದೇ. "ಸರ್, ಕುದುರೆಗೆ ಬ್ಲಾಕ್ ಕೊಟ್ಟೆ. ಕುಂಟು ಅರ್ಧ ಹೋಯಿತು, ಅರ್ಧ ಉಳೀತು. ಈಗ ನೋವು ಗೊರಸಿನಲ್ಲಿದೆಯೋ, ಮೇಲಿದೆಯೋ?"

ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಎಷ್ಟು ಎಂಎಲ್ ಹಾಕಿದಿರಿ? ಎಷ್ಟು ನಿಮಿಷದ ನಂತರ ಓಡಿಸಿ ನೋಡಿದಿರಿ? ಚರ್ಮ ಮರಗಟ್ಟಿತ್ತಾ? ಹೆಚ್ಚಿನವರು ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ಅಲ್ಲೇ ಇರೋದು ಸಮಸ್ಯೆ. ಬ್ಲಾಕ್ ತಪ್ಪುವುದು ಸೂಜಿ ತಪ್ಪಿದ್ದರಿಂದ ಮಾತ್ರ ಅಲ್ಲ. ಔಷಧಿ ಜಾಸ್ತಿ ಹಾಕಿ, ತೀರಾ ಮೇಲೆ ಹಾಕಿ, ತಡವಾಗಿ ನೋಡುವುದರಿಂದಲೇ ಹೆಚ್ಚು ಸಲ ತಪ್ಪುತ್ತದೆ.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಕುದುರೆಯ ಕೆಲಸ ಬೇರೆಯದೇ ರೀತಿ. ಗೋಳಗುಮ್ಮಟದ ಸುತ್ತ ದಿನವಿಡೀ ಡಾಂಬರಿನ ಮೇಲೆ ಓಡುವ ಟಾಂಗಾ ಕುದುರೆ, ಜಾತ್ರೆಗಳಲ್ಲಿ ಗಾಡಿ ಶರ್ಯತ್ತಿಗೆ ಕಟ್ಟುವ ಕುದುರೆ, ಮದುವೆ ಮೆರವಣಿಗೆಯ ಕುದುರೆ. ಕಾಲೇಜಿನಲ್ಲಿ ನಾವು ಕೈ ಪಳಗಿಸಿದ್ದು ಎಮ್ಮೆ, ಆಕಳ ಮೇಲೆ. ಕುದುರೆ ಕಾಲು ಮುಟ್ಟಿದ್ದೇ ಕಡಿಮೆ. ಹಾಗಾಗಿ ಮೊದಲಿನಿಂದ ಶುರು ಮಾಡುತ್ತೇನೆ.

ಒಂದು ಮಾತು ಮೊದಲೇ. ಇದು ಪಶುವೈದ್ಯರಿಗೆ ಮತ್ತು ಕೊನೆ ವರ್ಷದ ವಿದ್ಯಾರ್ಥಿಗಳಿಗೆ ಬರೆದದ್ದು. ಕುದುರೆ ಸಾಕಿದವರು ಖಂಡಿತ ಓದಿ. ನಿಮ್ಮ ವೈದ್ಯರು ಏನು ಮಾಡುತ್ತಿದ್ದಾರೆ, ಯಾಕೆ ಮೂರು ಸಲ ಓಡಿಸಲು ಹೇಳುತ್ತಿದ್ದಾರೆ ಅನ್ನೋದು ತಿಳಿಯುತ್ತದೆ. ಆದರೆ ಸೂಜಿ ಮಾತ್ರ ನೀವೇ ಹಿಡಿಯಬೇಡಿ.

ಬ್ಲಾಕ್ ಅಂದರೇನು?

ನರದ ಪಕ್ಕದಲ್ಲಿ ಮರಗಟ್ಟಿಸುವ ಔಷಧಿ ಹಾಕಿ, ಆ ನರ ಹೋಗುವ ಜಾಗದ ನೋವನ್ನು ಸ್ವಲ್ಪ ಹೊತ್ತು ಮುಚ್ಚಿಡುವುದು. ಮುಚ್ಚಿದಾಗ ಕುಂಟು ನಿಂತರೆ ನೋವು ಆ ಜಾಗದಲ್ಲೇ ಇತ್ತು ಎಂದರ್ಥ. ಇದು ಚಿಕಿತ್ಸೆಯಲ್ಲ, ಪತ್ತೆ ಮಾಡುವ ದಾರಿ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಮೇಲಿನದನ್ನು ಮೊದಲು ಕೊಟ್ಟರೆ ಕೆಳಗಿನದೆಲ್ಲ ಒಟ್ಟಿಗೆ ಮರಗಟ್ಟುತ್ತದೆ, ಆ ದಿನದ ಕೆಲಸ ಮುಗಿದಂತೆ.

ಇಲ್ಲಿ ನಾನು ಮೂರೇ ಬ್ಲಾಕ್ ಬಗ್ಗೆ ಹೇಳುತ್ತೇನೆ. ಮೂರೂ ಮುಂಗಾಲಿನವು.

ಮೊದಲನೆಯದು ಪಾಮರ್ ಡಿಜಿಟಲ್ ಬ್ಲಾಕ್. ಹಿಮ್ಮಡಿಯ ಎರಡು ಪಕ್ಕ, ಗೊರಸಿನ ಅಂಚಿನಿಂದ ಸ್ವಲ್ಪ ಮೇಲೆ ಕೊಡುವುದು. ಎರಡನೆಯದು ಅಬ್ಯಾಕ್ಸಿಯಲ್ ಸೆಸಮಾಯ್ಡ್ ಬ್ಲಾಕ್. ಗೊರಸಿನ ಮೇಲೆ ಸಿಗುವ ದಪ್ಪ ಕೀಲಿಗೆ ಫೆಟ್ಲಾಕ್ ಎನ್ನುತ್ತೇವೆ. ಅದರ ಹಿಂಬದಿಯಲ್ಲಿ ಜೋಡಿ ಸಣ್ಣ ಎಲುಬುಗಳಿವೆ, ಅವು ಸೆಸಮಾಯ್ಡ್. ಅವುಗಳ ಹೊರಪಕ್ಕದಲ್ಲಿ ಈ ಬ್ಲಾಕ್. ಮೂರನೆಯದು ಲೋ ಫೋರ್ ಪಾಯಿಂಟ್, ಅಂದರೆ ಫೆಟ್ಲಾಕ್‌ಗಿಂತ ಮೇಲೆ ನಾಲ್ಕು ಕಡೆ ಕೊಡುವುದು. ಇವು ಮೂರು ಸರಿಯಾಗಿ ಬಂದರೆ ನಮ್ಮ ಭಾಗದ ಮುಂಗಾಲಿನ ಕುಂಟುಗಳಲ್ಲಿ ಬಹುಪಾಲು ಬಿಡಿಸಬಹುದು. ಯಾಕೆಂದರೆ ಮುಂಗಾಲಿನ ಕುಂಟಿನ ಮೂಲ ಹೆಚ್ಚಾಗಿ ಗೊರಸಿನಲ್ಲೇ ಇರುತ್ತದೆ.

ಏನೇನು ಬೇಕು?

ಸೂಜಿ: 25 ಗೇಜ್, 5/8 ಇಂಚು ಉದ್ದದ್ದು. ಎಮ್ಮೆಗೆ ಬಳಸುವ 18 ಗೇಜ್ ಸೂಜಿ ತರಬೇಡಿ. ಅದನ್ನು ಚುಚ್ಚಿದರೆ ಕುದುರೆ ಕಾಲು ಕಿತ್ತುಕೊಳ್ಳುತ್ತದೆ, ಆಮೇಲೆ ಮುಟ್ಟಲೂ ಬಿಡುವುದಿಲ್ಲ. ಪ್ರತಿ ಚುಚ್ಚಿಗೂ ಹೊಸ ಸೂಜಿ.

ಸಿರಿಂಜ್: 2 ಅಥವಾ 3 ಎಂಎಲ್. ಇದರ ಹಿಂದೆ ಒಂದು ಉಪಾಯವಿದೆ. 10 ಎಂಎಲ್ ಸಿರಿಂಜ್ ಕೈಯಲ್ಲಿದ್ದರೆ 5 ಎಂಎಲ್ ಹೋಗಿಯೇ ಹೋಗುತ್ತದೆ. ಚಿಕ್ಕದು ಹಿಡಿದರೆ ಕೈ ತಾನಾಗಿ ನಿಲ್ಲುತ್ತದೆ.

ಔಷಧಿ: ಶೇ 2ರ ಮೆಪಿವಕೇನ್ ಸಿಕ್ಕರೆ ಅದೇ ಒಳ್ಳೆಯದು. ಬೇಗ ಹಿಡಿಯುತ್ತದೆ, ಸುಮಾರು ಒಂದೂವರೆ–ಎರಡು ಗಂಟೆ ನಿಲ್ಲುತ್ತದೆ, ಒಳಗಿನ ಮಾಂಸಕ್ಕೆ ಉರಿ ಕಡಿಮೆ. ನಮ್ಮ ಕಡೆ ಸುಲಭವಾಗಿ ಸಿಗುವುದು ಶೇ 2ರ ಲಿಗ್ನೊಕೇನ್. ಅದರಿಂದಲೂ ಕೆಲಸ ಆಗುತ್ತದೆ. ಆದರೆ ಬೇಗ ಇಳಿಯುತ್ತದೆ, ಚುಚ್ಚಿದ ಜಾಗ ಸ್ವಲ್ಪ ಊದಬಹುದು, ಕೆಲವು ಕುದುರೆಗಳಲ್ಲಿ ಪೂರ್ತಿ ಹಿಡಿಯುವುದೂ ಇಲ್ಲ. ಅದಕ್ಕೇ ಚರ್ಮದ ಪರೀಕ್ಷೆ ಇಲ್ಲಿ ಇನ್ನೂ ಮುಖ್ಯ. ಬುಪಿವಕೇನ್ ಗಂಟೆಗಟ್ಟಲೆ ನಿಲ್ಲುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಕೆಲಸಕ್ಕೆ ಅದು ಬೇಡ.

ಲೇಬಲ್ ಓದಿ. ಅಡ್ರಿನಲಿನ್ ಸೇರಿಸಿದ ಲಿಗ್ನೊಕೇನ್ ಕೂಡ ಅಂಗಡಿಯಲ್ಲಿ ಅದೇ ಸಾಲಿನಲ್ಲಿರುತ್ತದೆ. ಅದು ರಕ್ತನಾಳವನ್ನು ಹಿಂಡುತ್ತದೆ. ಕಾಲಿನ ಕೆಳಭಾಗದಲ್ಲಿ ಚರ್ಮವೇ ಸಾಯಬಹುದು, ಕೂದಲು ಬೆಳ್ಳಗಾಗಬಹುದು.

ಬಾಟಲಿ ಹೊಸದಿರಲಿ. ಬೆಳಿಗ್ಗೆ ಎಮ್ಮೆ ಕರು ಹಾಕುವಾಗ ಬೆನ್ನಿಗೆ ಕೊಟ್ಟು ಉಳಿದ ಲಿಗ್ನೊಕೇನ್ ಬಾಟಲಿಯನ್ನೇ ಸಂಜೆ ಕುದುರೆ ಕಾಲಿಗೆ ತೆಗೆಯುವ ರೂಢಿ ನಮ್ಮಲ್ಲಿದೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಹತ್ತು ಸಲ ಚುಚ್ಚಿದ ಮುಚ್ಚಳದ ಬಾಟಲಿಯಿಂದ ಕೀಲಿನ ಪಕ್ಕ ಚುಚ್ಚುವುದು ದೊಡ್ಡ ಅಪಾಯ. ಕುದುರೆಯ ಕೀಲಿಗೆ ಸೋಂಕು ಹತ್ತಿದರೆ ಕುದುರೆಯನ್ನೇ ಕಳೆದುಕೊಳ್ಳಬಹುದು.

ಇವುಗಳ ಜೊತೆಗೆ ಕ್ಲೋರ್‌ಹೆಕ್ಸಿಡಿನ್, ಸ್ಪಿರಿಟ್, ಹತ್ತಿ, ಕೈಗವಸು, ಗೊರಸು ಒತ್ತಿ ನೋಡುವ ಇಕ್ಕಳ, ಒಂದು ಬಾಲ್ ಪೆನ್, ಮೊಬೈಲ್. ಮೊಬೈಲ್ ಯಾಕೆ ಅಂತ ಮುಂದೆ ಹೇಳುತ್ತೇನೆ. ಹಾಗೇ ಕುದುರೆ ಹಿಡಿಯಲು ಗಟ್ಟಿ ಆಳು ಬೇಕು. ಮಾಲೀಕರ ಮಗ ಹತ್ತು ವರ್ಷದ ಹುಡುಗ ಉತ್ಸಾಹದಿಂದ ಮುಂದೆ ಬರುತ್ತಾನೆ. ಬೇಡ.

ಹಂತ 1: ಬ್ಲಾಕ್ ಕೊಡಬಾರದ ಕುದುರೆಯನ್ನು ಗುರುತಿಸಿ

ಕಾಲು ಊರಲೇ ಆಗದ ಕುದುರೆಗೆ ಬ್ಲಾಕ್ ಕೊಡಬೇಡಿ. ಎಲುಬು ಬಿರುಕು ಬಿಟ್ಟಿರಬಹುದು. ನೋವು ಮುಚ್ಚಿದ ಕೂಡಲೇ ಕುದುರೆ ಪೂರ್ತಿ ಭಾರ ಹಾಕುತ್ತದೆ, ಬಿರುಕು ಹೋಗಿ ಮುರಿತ ಆಗುತ್ತದೆ. ಮೊದಲು ಎಕ್ಸ್‌ರೇ. ಎಕ್ಸ್‌ರೇ ಸಿಗದಿದ್ದರೆ ಕಟ್ಟು ಹಾಕಿ ಕಳಿಸಿ.

ಚುಚ್ಚುವ ಜಾಗದಲ್ಲಿ ಹುಣ್ಣು, ಕೀವು, ಊತ ಇದ್ದರೂ ಬೇಡ. ಕಾಲಿನ ಮೇಲೆ ಸಾಲಾಗಿ ಗಂಟು ಎದ್ದು ಒಡೆದು ಸೋರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಗ್ಲಾಂಡರ್ಸ್ ಇರಬಹುದು. ಈ ರೋಗ ಮನುಷ್ಯರಿಗೂ ಅಂಟುತ್ತದೆ. ಕೈಗವಸಿಲ್ಲದೆ ಮುಟ್ಟಬೇಡಿ, ಪಶುಸಂಗೋಪನಾ ಇಲಾಖೆಗೆ ತಿಳಿಸಿ.

ಇನ್ನು ಬ್ಲಾಕ್ ಅಗತ್ಯವೇ ಇಲ್ಲದ ಕುದುರೆ. ಇಕ್ಕಳದಿಂದ ಗೊರಸನ್ನು ಸುತ್ತಲೂ ಒತ್ತಿ ನೋಡಿ. ಒಂದೇ ಜಾಗದಲ್ಲಿ ಕಾಲು ಎಳೆದುಕೊಂಡರೆ, ಲಾಳ ಹೊಡೆಸಿ ಎರಡು–ಮೂರು ದಿನ ಆಗಿದ್ದರೆ, ಮೊಳೆ ಒಳಗೆ ತಾಗಿದೆ ಎಂದೇ ಮೊದಲು ಅನುಮಾನಿಸಿ. ನಾಲಬಂದರನ್ನು ಕರೆಸಿ ಲಾಳ ಬಿಚ್ಚಿಸಿ. ಐದು ನಿಮಿಷದಲ್ಲಿ ಉತ್ತರ ಸಿಗುವಲ್ಲಿ ಸೂಜಿ ಯಾಕೆ?

ಹಂತ 2: ಮೊದಲಿನ ಕುಂಟನ್ನು ಸರಿಯಾಗಿ ನೋಡಿ

ಎಲ್ಲರೂ ಓಡಿಹೋಗಿ ಮುಗಿಸುವ ಹಂತ ಇದು. ನನ್ನ ಪ್ರಕಾರ ಬ್ಲಾಕ್‌ನ ಅರ್ಧ ನಿಖರತೆ ಇಲ್ಲೇ ಇದೆ. ಮೊದಲು ಎಷ್ಟು ಕುಂಟುತ್ತಿತ್ತು ಅಂತ ಗೊತ್ತಿಲ್ಲದಿದ್ದರೆ ಆಮೇಲೆ ಎಷ್ಟು ಕಮ್ಮಿಯಾಯಿತು ಅಂತ ಹೇಗೆ ಹೇಳುತ್ತೀರಿ?

ನೋವಿನ ಗುಳಿಗೆ, ಇಂಜೆಕ್ಷನ್ ಕೊಟ್ಟಿದ್ದಾರಾ ಕೇಳಿ. "ಇಲ್ಲ" ಅಂದರೆ ಇನ್ನೊಮ್ಮೆ ಬೇರೆ ರೀತಿ ಕೇಳಿ. "ನಿನ್ನೆ ಯಾರಾದರೂ ಬಂದು ನೋಡಿದ್ರಾ?" ಆಗ "ಹೌದ್ರಿ ಸಾಹೇಬ್ರ, ಒಬ್ರು ಬಂದು ಒಂದ್ ಸೂಜಿ ಮಾಡಿ ಹೋದ್ರು" ಎಂಬ ಉತ್ತರ ಬರುತ್ತದೆ. ನಿನ್ನೆ ಕೊಟ್ಟ ಮೆಲೊಕ್ಸಿಕಾಮ್‌ನಂಥ ನೋವಿನ ಔಷಧಿ ಇನ್ನೂ ಒಳಗಿದ್ದರೆ ಇವತ್ತಿನ ಪರೀಕ್ಷೆಗೆ ಬೆಲೆ ಇಲ್ಲ. ಅದು ಇಳಿಯುವ ತನಕ ಕಾಯಿರಿ.

ಗಾಡಿ ಬಿಚ್ಚಿಸಿ. ಗಟ್ಟಿ ಸಮನೆಲದ ಮೇಲೆ ನೋಡಿ. ಮಳೆಗಾಲದಲ್ಲಿ ನಮ್ಮ ಎರೆ ಮಣ್ಣಿನ ಹೊಲದಲ್ಲಿ ಓಡಿಸಿದರೆ ಕುಂಟದ ಕುದುರೆಯೂ ಕುಂಟಿದಂತೆ ಕಾಣುತ್ತದೆ. ವಾಹನ ಓಡಾಡದ ಡಾಂಬರು ರಸ್ತೆ, ಶಾಲೆಯ ಅಂಗಳ ಒಳ್ಳೆಯದು. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ನಾಲ್ಕು ಸಲ ಓಡಿಸಿದರೆ ಕುದುರೆ ಬಳಲಿ ಕಾಲೆಳೆಯುತ್ತದೆ, ನೀವು ಅದನ್ನು ಕುಂಟು ಅಂತ ಬರೆದುಕೊಳ್ಳುತ್ತೀರಿ.

ನಡಿಗೆಯಲ್ಲಿ ನೋಡಿ, ಆಮೇಲೆ ಟ್ರಾಟ್‌ನಲ್ಲಿ. ಟ್ರಾಟ್ ಅಂದರೆ ಕುಕ್ಕುಲೋಟ, ನಡಿಗೆಗೂ ನಾಗಾಲೋಟಕ್ಕೂ ನಡುವಿನದು. ಹಗ್ಗ ಸಡಿಲ ಬಿಡಿಸಿ. ಹಗ್ಗ ಬಿಗಿ ಹಿಡಿದರೆ ತಲೆಯ ಆಟ ಕಾಣುವುದಿಲ್ಲ. ನೋವಿನ ಮುಂಗಾಲು ನೆಲಕ್ಕೆ ಬಂದಾಗ ತಲೆ ಮೇಲೆ ಹೋಗುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ಕೆಳಗೆ ಬಾಗುತ್ತದೆ. ನೇರವಾಗಿ ಓಡಿಸಿ, ಎಡಕ್ಕೂ ಬಲಕ್ಕೂ ವೃತ್ತದಲ್ಲಿ ಓಡಿಸಿ.

ಕುಂಟಿಗೆ 0ಯಿಂದ 5ರವರೆಗೆ ಅಂಕ ಕೊಡಿ. 0 ಅಂದರೆ ಕುಂಟಿಲ್ಲ. 3 ಅಂದರೆ ಟ್ರಾಟ್‌ನಲ್ಲಿ ಪ್ರತಿ ಸಲ ಕಾಣುತ್ತದೆ. 4 ಅಂದರೆ ನಡಿಗೆಯಲ್ಲೇ ಕಾಣುತ್ತದೆ. 5 ಅಂದರೆ ಕಾಲು ಊರುವುದೇ ಕಷ್ಟ. ಒಮ್ಮೆ ಕುಂಟಿ ಒಮ್ಮೆ ಕುಂಟದ 1ರ ಕುದುರೆಗೆ ಬ್ಲಾಕ್ ಕೊಟ್ಟರೆ ನಿಮಗೇ ಗೊಂದಲ. ಕೆಲವು ಕುದುರೆಗಳು ಮೈ ಬಿಸಿಯಾದಂತೆ ತಾವೇ ಸರಿಯಾಗಿ ಓಡುತ್ತವೆ. ಅಂಥದ್ದನ್ನು ಸೂಜಿ ಹಾಕುವ ಮೊದಲೇ ಹತ್ತು ನಿಮಿಷ ಓಡಿಸಿ, ಕುಂಟು ಉಳಿಯುತ್ತದಾ ನೋಡಿ. ಇಲ್ಲದಿದ್ದರೆ ಬಿಸಿಯಿಂದ ಹೋದ ಕುಂಟಿನ ಹೆಸರು ನಿಮ್ಮ ಬ್ಲಾಕ್‌ಗೆ ಬರುತ್ತದೆ.

ಈಗ ಮೊಬೈಲ್ ತೆಗೆಯಿರಿ. ಒಂದೇ ಜಾಗದಲ್ಲಿ ನಿಂತು ಬರುವುದು, ಹೋಗುವುದು, ಎರಡೂ ವೃತ್ತ ವಿಡಿಯೊ ಮಾಡಿಸಿ. ಅರ್ಧ ಗಂಟೆಯ ನಂತರ ನಮ್ಮ ನೆನಪು ನಮಗೆ ಬೇಕಾದ್ದನ್ನೇ ಹೇಳುತ್ತದೆ. ವಿಡಿಯೊ ಹಾಗೆ ಹೇಳಲ್ಲ.

ಹಂತ 3: ಹಿಡಿಯುವುದು, ತೊಳೆಯುವುದು

ಮೇಲ್ತುಟಿಗೆ ಕುಣಿಕೆ ಹಾಕಿ ತಿರುಚುವ ಕೋಲು, ಅಂದರೆ ಟ್ವಿಚ್, ಸಾಮಾನ್ಯವಾಗಿ ಸಾಕು. ಹಿಡಿದವರು ನೀವು ನಿಂತ ಪಕ್ಕದಲ್ಲೇ ನಿಲ್ಲಬೇಕು. ಕುದುರೆ ತೀರಾ ಗಲಾಟೆ ಮಾಡಿದರೆ ಮಾತ್ರ ಮಂಪರು ತರಿಸುವ ಜೈಲಜಿನ್ ಕಡಿಮೆ ಡೋಸ್‌ನಲ್ಲಿ. ಮಂಪರಿನಲ್ಲಿರುವ ಕುದುರೆಯ ಓಟವೂ ಬದಲಾಗುತ್ತದೆ ಅನ್ನೋದು ನೆನಪಿರಲಿ.

ಕೆಸರು ಹಿಡಿದ ಕಾಲನ್ನು ನೀರಲ್ಲಿ ತೊಳೆದು ಒರೆಸಿ ಒಣಗಲು ಬಿಡಿ. ಆಮೇಲೆ ಕ್ಲೋರ್‌ಹೆಕ್ಸಿಡಿನ್, ಕೊನೆಗೆ ಸ್ಪಿರಿಟ್, ಹತ್ತಿ ಬೆಳ್ಳಗೆ ಬರುವ ತನಕ. ಕೂದಲು ಬೋಳಿಸಲೇಬೇಕು ಅಂತಿಲ್ಲ. ದಟ್ಟ ಕೂದಲಿದ್ದು ನರ ಕೈಗೆ ಸಿಗದಿದ್ದರೆ ಕತ್ತರಿಸಿ.

ಹಂತ 4: ಪಾಮರ್ ಡಿಜಿಟಲ್ ಬ್ಲಾಕ್

ಕಾಲು ಎತ್ತಿ ಹಿಡಿಯಿರಿ. ಹಿಮ್ಮಡಿಯ ಪಕ್ಕ, ಗೊರಸು ಚರ್ಮಕ್ಕೆ ಸೇರುವ ಅಂಚಿನ ಮೇಲೆ ಹೆಬ್ಬೆರಳಿನಿಂದ ಒತ್ತಿ. ಸ್ಪ್ರಿಂಗಿನಂತೆ ಬಾಗುವ ಗಟ್ಟಿ ಪದರ ಸಿಗುತ್ತದೆ. ಅದು ಕೊಲ್ಯಾಟರಲ್ ಕಾರ್ಟಿಲೇಜ್, ಗೊರಸಿನೊಳಗಿನ ಎಲುಬಿಗೆ ಎರಡು ಪಕ್ಕ ಅಂಟಿಕೊಂಡ ಮೃದ್ವಸ್ಥಿ. ಅದರ ಮೇಲಂಚೇ ನಿಮ್ಮ ಗಡಿಗುರುತು.

ಆ ಅಂಚಿನ ಹತ್ತಿರ, ಹಿಂದಿನ ಸ್ನಾಯುರಜ್ಜುವಿನ, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗದಂಥ ಟೆಂಡನ್‌ನ ಪಕ್ಕದಲ್ಲಿ ಬೆರಳನ್ನು ಹಿಂದೆ ಮುಂದೆ ಉರುಳಿಸಿ. ದಾರದಂಥದ್ದು ಬೆರಳ ಕೆಳಗೆ ಜಾರುತ್ತದೆ. ಇಲ್ಲಿ ಮುಂದಿನಿಂದ ಹಿಂದಕ್ಕೆ ಮೂರು ಕೊಳವೆ ಸಾಲಾಗಿವೆ: ಅಭಿಧಮನಿ, ಅಪಧಮನಿ, ನರ. ನರ ಎಲ್ಲಕ್ಕಿಂತ ಹಿಂದೆ. ಮಿಡಿಯುವುದು ಅಪಧಮನಿ. ಅದು ಸಿಕ್ಕರೆ ಅದರ ಹಿಂದೆಯೇ ನರ.

ಇಲ್ಲೊಂದು ಮೋಸವಿದೆ. ಫೆಟ್ಲಾಕ್‌ನ ಹಿಂದೆ, ಕೂದಲ ಗೊಂಚಲಿನಲ್ಲಿ ಒಂದು ಸಣ್ಣ ಕೊಂಬಿನಂಥ ಗಂಟು ಇರುತ್ತದೆ, ಅರ್ಗಟ್. ಅದರಿಂದ ಒಂದು ತೆಳು ಪಟ್ಟಿ ಓರೆಯಾಗಿ ಕೆಳಗೆ, ಮುಂದಕ್ಕೆ ಬರುತ್ತದೆ. ಕೈಗೆ ಅದೂ ನರದಂತೆಯೇ ಸಿಗುತ್ತದೆ. ಅದು ಚರ್ಮದ ಕೆಳಗೇ ಇದ್ದು ನರದ ಮೇಲೆ ಹಾದು ಹೋಗುತ್ತದೆ. ಓರೆಯಾಗಿ ಹೋಗುವುದು ಪಟ್ಟಿ. ಕಾಲಿನ ಉದ್ದಕ್ಕೆ, ಸ್ನಾಯುರಜ್ಜುವಿನ ಅಂಚು ಹಿಡಿದು ಹೋಗುವುದು ನರ.

ಸೂಜಿಯನ್ನು ಸಿರಿಂಜ್ ಇಲ್ಲದೆ, ಬರಿ ಸೂಜಿಯಾಗಿ, ಮೊನೆ ಕೆಳಮುಖವಾಗಿ ಥಟ್ಟನೆ ಚುಚ್ಚಿ. ಕುದುರೆ ಕಾಲು ಎಳೆದರೂ ಸೂಜಿ ಮುರಿಯುವುದಿಲ್ಲ, ಅಲ್ಲೇ ನೇತಾಡುತ್ತದೆ. ರಕ್ತ ಬಂದರೆ ಸ್ವಲ್ಪ ಹಿಂದೆಳೆದು ದಿಕ್ಕು ಬದಲಿಸಿ. ಆಮೇಲೆ ಸಿರಿಂಜ್ ಸೇರಿಸಿ ಒಮ್ಮೆ ಹಿಂದಕ್ಕೆ ಎಳೆದು ನೋಡಿ 1.5 ಎಂಎಲ್ ಹಾಕಿ. ಸಲೀಸಾಗಿ ಹೋಗಬೇಕು. ತಡೆ ಸಿಕ್ಕರೆ ನೀವು ಚರ್ಮದೊಳಗೋ ರಜ್ಜುವಿನೊಳಗೋ ಇದ್ದೀರಿ. ಚರ್ಮದ ಮೇಲೆ ಬಟಾಣಿಯಷ್ಟು ಗುಳ್ಳೆ ಎದ್ದರೂ ಅಷ್ಟೇ, ಔಷಧಿ ನರದ ತನಕ ಹೋಗಿಲ್ಲ. ಇನ್ನೊಂದು ಪಕ್ಕಕ್ಕೂ ಹೀಗೇ.

ಮೊನೆ ಕೆಳಮುಖ ಯಾಕೆ? ಔಷಧಿ ಹಾಕಿದ ಜಾಗದಲ್ಲೇ ಕೂರುವುದಿಲ್ಲ. ನರ, ರಕ್ತನಾಳಗಳ ಸುತ್ತಲಿನ ಸಡಿಲ ಪದರ ಹಿಡಿದು ಮೇಲಕ್ಕೂ ಹರಿಯುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ದ್ರಾವಣವನ್ನು ಇದೇ ಜಾಗಗಳಲ್ಲಿ ಚುಚ್ಚಿ ನೋಡಿದ ಸಂಶೋಧಕರಿಗೆ ಇದು ಕಣ್ಣಿಗೇ ಕಂಡಿದೆ. ಕಾರ್ಟಿಲೇಜಿನಿಂದ ಎರಡು ಬೆರಳು ಮೇಲೆ 4 ಎಂಎಲ್ ಹಾಕಿದರೆ ನೀವು "ಹಿಮ್ಮಡಿ ಬ್ಲಾಕ್ ಕೊಟ್ಟೆ" ಅಂದುಕೊಂಡಿರುತ್ತೀರಿ. ಮರಗಟ್ಟಿದ್ದು ಮಾತ್ರ ಗೊರಸಿನ ಮೇಲಿನ ಪಾಸ್ಟರ್ನ್ ಕೀಲಿನವರೆಗೆ. ಚುಚ್ಚಿದ ಜಾಗವನ್ನು ಉಜ್ಜುವುದೂ ಬೇಡ. ರಕ್ತ ನಿಲ್ಲಲು ಬೆರಳಿಟ್ಟು ಒತ್ತಿದರೆ ಸಾಕು.

ಹಂತ 5: ಚರ್ಮ ಕೇಳಿ, ಗಡಿಯಾರ ನೋಡಿ

ಎರಡನೇ ಪಕ್ಕಕ್ಕೆ ಕೊಟ್ಟ ಕೂಡಲೇ ಸಮಯ ಬರೆದಿಡಿ. ಅಂಗೈ ಮೇಲಾದರೂ ಸರಿ.

5 ನಿಮಿಷಕ್ಕೆ ಚರ್ಮ ನೋಡಿ. ಬಾಲ್ ಪೆನ್ನಿನ ಮೊಂಡು ತುದಿಯಿಂದ ಹಿಮ್ಮಡಿಯ ಎರಡೂ ಉಬ್ಬನ್ನು ಬೇರೆ ಬೇರೆಯಾಗಿ ಒತ್ತಿ. ಕುದುರೆ ನಿಮ್ಮ ಕೈ ಕಾಣದಂತೆ ಒಬ್ಬರು ಕಣ್ಣು ಮರೆ ಮಾಡಲಿ. ನೋಡಿಯೇ ಕಾಲು ಎತ್ತುವ ಕುದುರೆಗಳಿವೆ. ಮೊದಲು ಬೇರೆ ಕಾಲಿನ ಹಿಮ್ಮಡಿ ಒತ್ತಿ, ಅದು ಹೇಗೆ ಉತ್ತರಿಸುತ್ತದೆ ತಿಳಿದುಕೊಳ್ಳಿ. ಒಂದು ಪಕ್ಕ ಮರಗಟ್ಟಿ ಇನ್ನೊಂದು ಎಚ್ಚರ ಇದ್ದರೆ, ಆ ಪಕ್ಕಕ್ಕೆ ಮಾತ್ರ ಮತ್ತೆ ಕೊಡಿ. ಓಡಿಸಿ ನೋಡಿ "ಅರ್ಧ ಹೋಯಿತು" ಅನ್ನುವ ಗೊಂದಲದಲ್ಲಿ ಒಂದು ಪಾಲು ಇಲ್ಲಿಂದಲೇ ಬರುತ್ತದೆ.

ಚರ್ಮ ಮರಗಟ್ಟಿದರೆ ಒಳಗಿನದೂ ಪೂರ್ತಿ ಮರಗಟ್ಟಿದೆ ಎಂಬ ಖಾತ್ರಿ ಇಲ್ಲ. ಮೊದಲು ಇಕ್ಕಳಕ್ಕೆ ನೋವು ತೋರಿಸಿದ್ದ ಗೊರಸಾಗಿದ್ದರೆ ಈಗ ಮತ್ತೆ ಅದೇ ಜಾಗ ಒತ್ತಿ. ಅದು ಚರ್ಮಕ್ಕಿಂತ ಒಳ್ಳೆಯ ಸಾಕ್ಷಿ.

10 ನಿಮಿಷದೊಳಗೆ ಓಡಿಸಿ ನೋಡಿ. ಅದೇ ರಸ್ತೆ, ಅದೇ ಆಳು, ಅದೇ ವೇಗ, ಅದೇ ಕೋನದ ವಿಡಿಯೊ. ಮಾಲೀಕರು ಚಹಾ ತಂದಿರುತ್ತಾರೆ, ಬೇಡ ಅನ್ನಲಾಗುವುದಿಲ್ಲ, ಮಾತು ಬೆಳೆದು ಅರ್ಧ ಗಂಟೆ ಹೋಗುತ್ತದೆ. ಅಷ್ಟರಲ್ಲಿ ಔಷಧಿ ಮೇಲೇರಿರುತ್ತದೆ. ಚಹಾ ಆಮೇಲೆ.

ಹಂತ 6: ಸಿಕ್ಕ ಉತ್ತರ ಓದುವುದು

ಕುಂಟು ಶೇ 70–80ಕ್ಕಿಂತ ಹೆಚ್ಚು ಕಡಿಮೆಯಾದರೆ ನೋವು ಗೊರಸಿನೊಳಗಿದೆ ಅನ್ನಬಹುದು. ಗೊರಸಿನೊಳಗೆ ಎಲ್ಲಿ ಅಂತ ಅಲ್ಲ. ಈ ಬ್ಲಾಕ್ ಹಿಮ್ಮಡಿಯ ಭಾಗವನ್ನಷ್ಟೇ ಮರಗಟ್ಟಿಸುತ್ತದೆ ಎಂದು ಹಿಂದೆ ಕಲಿಸುತ್ತಿದ್ದರು. ಈಗ ತಿಳಿದಿರುವುದು ಬೇರೆ. ಅಂಗಾಲಿನ ಬಹುಭಾಗ, ಗೊರಸಿನೊಳಗಿನ ಕೀಲು ಕೂಡ ಇದರಿಂದ ಮರಗಟ್ಟುತ್ತದೆ. ಹಾಗಾಗಿ ಬ್ಲಾಕ್ ಹಿಡಿದ ಮಾತ್ರಕ್ಕೆ ನ್ಯಾವಿಕ್ಯುಲರ್, ಅಂದರೆ ಹಿಮ್ಮಡಿಯೊಳಗಿನ ದೋಣಿಯಾಕಾರದ ಎಲುಬಿನ ರೋಗ ಅಂತ ಚೀಟಿ ಬರೆದುಬಿಡಬೇಡಿ. ಎಕ್ಸ್‌ರೇ ತೆಗೆಸಿ. ಬೇರೆ ದಿನ ಕೀಲಿನೊಳಗೆ ಕೊಡುವ ಬ್ಲಾಕ್ ಮಾಡಬಹುದು, ಆದರೆ ಅದಕ್ಕೆ ಆಪರೇಷನ್ನಿನಷ್ಟೇ ಶುಚಿ ಬೇಕು. ಕೊಟ್ಟಿಗೆಯಲ್ಲಿ ಮಾಡುವ ಕೆಲಸ ಅಲ್ಲ.

ಕುಂಟು ಕಾಲು ಬದಲಾಯಿಸಿದರೆ? ಎಡಗಾಲಿಗೆ ಕೊಟ್ಟಿರಿ, ಈಗ ಬಲಗಾಲು ಕುಂಟುತ್ತಿದೆ. ಗಾಬರಿಯಾಗಬೇಡಿ, ನಿಮ್ಮ ಬ್ಲಾಕ್ ಚೆನ್ನಾಗಿ ಹಿಡಿದಿದೆ. ಎರಡೂ ಕಾಲಲ್ಲಿ ನೋವಿತ್ತು, ಜಾಸ್ತಿ ನೋವಿನದು ಮಾತ್ರ ಕಾಣುತ್ತಿತ್ತು. ವರ್ಷಗಟ್ಟಲೆ ಡಾಂಬರಿನ ಮೇಲೆ ಓಡಿದ ಟಾಂಗಾ ಕುದುರೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಮಾಲೀಕರು ಮಾತ್ರ "ಸೂಜಿ ಹಾಕಿ ಇನ್ನೊಂದ್ ಕಾಲೂ ಕೆಡಿಸಿದ್ರಿ" ಅನ್ನುತ್ತಾರೆ. ಈ ಸಾಧ್ಯತೆಯನ್ನು ಮೊದಲೇ ಹೇಳಿಟ್ಟರೆ ಜಗಳ ತಪ್ಪುತ್ತದೆ. ಬಲಗಾಲಿಗೂ ಅದೇ ಬ್ಲಾಕ್ ಕೊಟ್ಟು ನೋಡಿ.

ಏನೂ ಬದಲಾಗಲಿಲ್ಲ, ಚರ್ಮ ಮಾತ್ರ ಮರಗಟ್ಟಿದೆ. ಆಗ ಮೇಲಿನ ಮೆಟ್ಟಿಲು. ಚರ್ಮವೂ ಮರಗಟ್ಟಿಲ್ಲ ಅಂದರೆ ಮೇಲೆ ಹೋಗುವ ಮಾತೇ ಇಲ್ಲ, ಇದನ್ನೇ ಸರಿಮಾಡಿ.

ಅರ್ಧ ಹೋಯಿತು, ಚರ್ಮ ಎರಡೂ ಪಕ್ಕ ಮರಗಟ್ಟಿದೆ. ಇದು ಕಷ್ಟದ್ದು. ಎರಡು ಜಾಗದಲ್ಲಿ ನೋವಿರಬಹುದು. ಎಲುಬಿನ ಆಳದ ನೋವು ಪೂರ್ತಿ ಮುಚ್ಚದಿರಬಹುದು. ಕೀಲು ಬಾಗದಂತೆ ಬಿಗಿದುಕೊಂಡಿದ್ದರೆ ನೋವು ಹೋದರೂ ಕುಂಟು ಉಳಿಯುತ್ತದೆ. ಮುಂದಿನ ಬ್ಲಾಕ್ ಕೊಟ್ಟು ನೋಡಿ, ಅದರಲ್ಲೂ ಅರ್ಧವೇ ಆದರೆ ಅಂದಿಗೆ ನಿಲ್ಲಿಸಿ.

ಹಂತ 7: ಸೆಸಮಾಯ್ಡ್ ಮಟ್ಟದ ಬ್ಲಾಕ್

ಇದು ಎಲ್ಲಕ್ಕಿಂತ ಸುಲಭ, ಅದಕ್ಕೇ ಹಲವರು ಇದರಿಂದಲೇ ಶುರು ಮಾಡುತ್ತಾರೆ. ನರ ಸೆಸಮಾಯ್ಡ್ ಎಲುಬಿನ ಮೇಲೆ ಚರ್ಮದ ಕೆಳಗೇ ಉರುಳುತ್ತದೆ. ಎಲುಬಿನ ನಡುಮಟ್ಟದಲ್ಲಿ ಚುಚ್ಚಬೇಡಿ, ಬುಡದಲ್ಲಿ, ಅಂದರೆ ಕೆಳ ಅಂಚಿನ ಹತ್ತಿರ ಚುಚ್ಚಿ. ಮೊನೆ ಕೆಳಮುಖ. ಪ್ರತಿ ಪಕ್ಕಕ್ಕೆ 1.5ರಿಂದ 2 ಎಂಎಲ್, ಅಷ್ಟೇ. ಮೇಲೆ ಕೊಟ್ಟರೆ, ಜಾಸ್ತಿ ಕೊಟ್ಟರೆ ಫೆಟ್ಲಾಕ್ ಕೀಲಿನ ನೋವೂ ಮುಚ್ಚುತ್ತದೆ. ನೀವು ಗೊರಸಿನ ಎಕ್ಸ್‌ರೇ ತೆಗೆಯುತ್ತಾ ಕೂರುತ್ತೀರಿ.

ಈಗ ಹಿಮ್ಮಡಿ ಮಾತ್ರವಲ್ಲ, ಗೊರಸಿನ ಮುಂಭಾಗದ ಅಂಚಿನ ಚರ್ಮವೂ ಮರಗಟ್ಟಬೇಕು. ಅಲ್ಲಿ ಪೆನ್ ಒತ್ತಿ ನೋಡಿ. ಉಳಿದದ್ದು ಮೊದಲಿನಂತೆ.

ಹಂತ 8: ಲೋ ಫೋರ್ ಪಾಯಿಂಟ್

ಇಲ್ಲಿ ಎಚ್ಚರ ಹೆಚ್ಚು ಬೇಕು. ಮೊಣಕಾಲಿನಿಂದ ಫೆಟ್ಲಾಕ್‌ವರೆಗಿನ ಉದ್ದ ಎಲುಬಿನ ಎರಡು ಪಕ್ಕ ಕಡ್ಡಿಯಂಥ ಎಲುಬುಗಳಿವೆ, ಸ್ಪ್ಲಿಂಟ್. ಕೆಳತುದಿಯಲ್ಲಿ ಗುಂಡಿಯಂಥ ಗಂಟು ಸಿಗುತ್ತದೆ. ಎರಡು ಚುಚ್ಚು ಆ ಗುಂಡಿಗಳ ಕೆಳಗೆ, ಪಾಮರ್ ಮೆಟಾಕಾರ್ಪಲ್ ನರಕ್ಕೆ, ತಲಾ 1ರಿಂದ 2 ಎಂಎಲ್. ಇನ್ನೆರಡು ಅದೇ ಮಟ್ಟದಲ್ಲಿ ಹಿಂದೆ, ಸ್ನಾಯುರಜ್ಜುವಿನ ಪಕ್ಕದ ಪಾಮರ್ ನರಕ್ಕೆ, ತಲಾ 2ರಿಂದ 3 ಎಂಎಲ್.

ಈ ಎರಡು ಪಾಮರ್ ನರಗಳ ನಡುವೆ ಒಂದು ಅಡ್ಡದಾರಿ ಇದೆ. ಉದ್ದ ಎಲುಬಿನ ನಡುಮಟ್ಟದಲ್ಲಿ, ಹಿಂದಿನ ರಜ್ಜುವಿನ ಮೇಲೆ ಓರೆಯಾಗಿ ದಾಟುವ ಕೊಂಬೆ. ಬೆರಳಿಗೆ ಸಿಗುತ್ತದೆ. ನೀವು ಎರಡೂ ಪಕ್ಕ ಅದರ ಕೆಳಗೇ ಕೊಡಬೇಕು. ಒಂದು ಪಕ್ಕ ಮೇಲೆ, ಒಂದು ಪಕ್ಕ ಕೆಳಗೆ ಕೊಟ್ಟರೆ ನೋವಿನ ಸುದ್ದಿ ಅಡ್ಡದಾರಿ ಹಿಡಿದು ತಪ್ಪಿಸಿಕೊಳ್ಳಬಹುದು.

ಫೆಟ್ಲಾಕ್ ಕೀಲಿನ ಹಿಂದಿನ ಚೀಲ ಗುಂಡಿಯ ಮಟ್ಟದ ಹತ್ತಿರದವರೆಗೂ ಬರುತ್ತದೆ. ಸ್ನಾಯುರಜ್ಜುವಿನ ಹೊದಿಕೆಯೂ ಫೆಟ್ಲಾಕ್‌ಗಿಂತ ಮೇಲೆ ಏರಿರುತ್ತದೆ. ಕೀಲು ಊದಿದ್ದರೆ ಇನ್ನೂ ಮೇಲೆ. ಸೂಜಿಯಿಂದ ಹಳದಿ ಅಂಟು ನೀರು ಬಂದರೆ ನೀವು ಕೀಲಿನೊಳಗೆ ಅಥವಾ ಹೊದಿಕೆಯೊಳಗೆ ಇದ್ದೀರಿ. ಔಷಧಿ ಹಾಕದೆ ಸೂಜಿ ತೆಗೆಯಿರಿ, ಅಂದಿನ ಕೆಲಸ ನಿಲ್ಲಿಸಿ, ಮುಂದಿನ ಕೆಲ ದಿನ ಊತ, ಜ್ವರ, ಹೊಸ ಕುಂಟು ಬರುತ್ತದಾ ನೋಡಿ. ಈ ಕಾರಣಕ್ಕೇ ಈ ಹಂತದಲ್ಲಿ ಐದು ನಿಮಿಷ ಉಜ್ಜಿ ತೊಳೆಯದೆ ಚುಚ್ಚಲೇಬಾರದು.

ಹಿಂಗಾಲಿನಲ್ಲಿ ಇದೇ ಮಟ್ಟದಲ್ಲಿ ಮುಂಭಾಗಕ್ಕೂ ನರ ಬರುತ್ತದೆ. ಅದಕ್ಕೇ ಅಲ್ಲಿ ನಾಲ್ಕರ ಬದಲು ಆರು ಕಡೆ ಕೊಡುತ್ತಾರೆ. ಒದೆತದ ಅಪಾಯವೂ ಹೆಚ್ಚು. ಮುಂಗಾಲಿನಲ್ಲಿ ಕೈ ಪಳಗುವ ತನಕ ಹಿಂಗಾಲಿಗೆ ಹೋಗಬೇಡಿ.

ಹಂತ 9: ಮುಗಿದ ಮೇಲೆ

ಕಾಲಿಗೆ ಹಗುರ ಕಟ್ಟು ಹಾಕಿ ಕೊಟ್ಟಿಗೆಯಲ್ಲಿ ನಿಲ್ಲಿಸಿ. ಅಂದು ಗಾಡಿ ಕಟ್ಟುವಂತಿಲ್ಲ. ಮರಗಟ್ಟಿದ ಕಾಲಿನ ಕುದುರೆ ಎಡವುತ್ತದೆ. ಧನುರ್ವಾಯು ಲಸಿಕೆ ಆಗಿದೆಯಾ ಕೇಳಿ. ಕುದುರೆಗೆ ಅದು ಬಹಳ ಬೇಗ ತಗಲುವ ರೋಗ.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಬ್ಲಾಕ್ ಕೊಟ್ಟ ಮೇಲೆ ಚೆನ್ನಾಗಿ ಓಡುವ ಕುದುರೆ ನೋಡಿ ಕೆಲವರ ಕಣ್ಣು ಅರಳುತ್ತದೆ. "ಸಾಹೇಬ್ರ, ನಾಳಿ ಶರ್ಯತ್ತು ಐತಿ, ಇಂಥಾದ ಒಂದ್ ಸೂಜಿ ಹಾಕಿ ಕೊಡ್ರಿ." ಆಗಲ್ಲ ಅನ್ನಿ. ನೋವು ಗೊತ್ತಾಗದ ಕಾಲಿನಲ್ಲಿ ಗಾಡಿ ಎಳೆದು ಓಡಿದರೆ ಎಲುಬು ಮುರಿಯುತ್ತದೆ, ರಜ್ಜು ಹರಿಯುತ್ತದೆ, ಗಾಡಿಯಲ್ಲಿ ಕೂತವರೂ ಬೀಳುತ್ತಾರೆ. ಪ್ರಾಣಿ ಹಿಂಸೆ ತಡೆ ಕಾಯಿದೆ 1960ರಿಂದಲೇ ಇದೆ. ಉಳಿದ ಔಷಧಿಯ ಬಾಟಲಿಯನ್ನು ಅವರ ಕಿಟಕಿಯಲ್ಲಿ ಮರೆತು ಬರಬೇಡಿ.

ಕೈ ಪಳಗಿಸುವುದು ಹೇಗೆ?

ಜೀವಂತ ಕುದುರೆಯ ಮೇಲೆ ಅಭ್ಯಾಸ ಬೇಡ. ಬೇರೆ ಕಾರಣಕ್ಕೆ ಸತ್ತ ಕುದುರೆಯ ಕಾಲು ಮಾಲೀಕರ ಒಪ್ಪಿಗೆಯಿಂದ ಸಿಕ್ಕರೆ, ಔಷಧಿ ಬದಲು ಮಿಥಿಲೀನ್ ಬ್ಲೂ ಬಣ್ಣ ಹಾಕಿ. ಒಂದು ಕಾಲಿಗೆ 1.5 ಎಂಎಲ್, ಇನ್ನೊಂದಕ್ಕೆ 5 ಎಂಎಲ್. ಹತ್ತು ನಿಮಿಷ ಬಿಟ್ಟು ಚರ್ಮ ಬಿಡಿಸಿ ನೋಡಿ. ನೀಲಿ ಎಲ್ಲಿಯ ತನಕ ಹತ್ತಿದೆ, ನರಕ್ಕೆ ತಾಗಿದೆಯೋ ಪಟ್ಟಿಗೆ ತಾಗಿದೆಯೋ ಗೊತ್ತಾಗುತ್ತದೆ. ನನಗೆ ಮೊದಲ ಸಲ ನಾಲ್ಕರಲ್ಲಿ ಎರಡು ತಪ್ಪಿತ್ತು. ಎರಡೂ ಆ ಓರೆ ಪಟ್ಟಿಯ ಮೇಲೆ.

ಸಡನ್ನಾಗಿ ಸತ್ತು ಮೂಗು, ಬಾಯಿಯಿಂದ ರಕ್ತ ಸೋರಿದ ಪ್ರಾಣಿಯನ್ನು ಮಾತ್ರ ಕೊಯ್ಯಲೇಬಾರದು. ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು.

ಇಷ್ಟಾದ ಮೇಲೂ ಅನುಮಾನ ಉಳಿದರೆ ಫೋನ್ ಮಾಡಿ, ಬೇಜಾರಿಲ್ಲ. ಮಾಡುವ ಮುನ್ನ ಎರಡು ವಿಡಿಯೊ ಕಳಿಸಿ, ಬ್ಲಾಕ್‌ಗೆ ಮೊದಲಿನದೊಂದು, ನಂತರದ್ದೊಂದು. ಅದರ ಕೆಳಗೆ ಯಾವ ಜಾಗ, ಎಷ್ಟು ಎಂಎಲ್, ಎಷ್ಟು ನಿಮಿಷ, ಚರ್ಮ ಮರಗಟ್ಟಿತ್ತೋ ಇಲ್ಲವೋ ಅಂತ ಬರೆಯಿರಿ.